ಆಟದ ರೈಲೂ ತಂತಿಗಳ ಸಂಧಿಯೂ

ಹಿಂದಿನ ಸಂಚಿಕೆಯಲ್ಲಿ ನಾವು ಗೋಡೆಗಡಿಯಾರದ ರಿಪೇರಿಯನ್ನು ಕುರಿತು ಬರೆದುದನ್ನು ಓದಿದ ಮಿತ್ರರೊಬ್ಬರು, “ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಮಾಸ್ತರರಿಗೆ ಇಕ್ಕಳ-ಚಿಮುಟಗಳ ಗೊಡವೆ ಯಾಕೆ?” ಎಂದು ನಗೆಯಾಡಿದರು. ನಿವೃತ್ತರಾದವರ ಮುಂದೆ ಮನೆಯಲ್ಲಿ ಕೆಟ್ಟ ವಸ್ತುಗಳೆಲ್ಲವೂ ತಾವಾಗಿಯೇ ಬಂದು ಕೂಡುವವೆಂಬದು ಅವರಿಗೂ ಇನ್ನೆರಡು ವರ್ಷಗಳಲ್ಲಿ ತಿಳಿದುಬರುವದು. ಈ ಸಲ ನಮ್ಮ ಮುಂದೆ ಬಂದು ಕೂತದ್ದು ಒಂದು ರೈಲಿನ ಎಂಜಿನು; ಗೇಣಿಗಿಂತ ತುಸುವೇ ಉದ್ದವಾದದ್ದು. ಅದು ಕೆಡುವದಕ್ಕೆ ನಮ್ಮ ಮಾತೇ ಕಾರಣವಾದುದರಿಂದ, ಅದನ್ನು ತಿರುಗಿ ಓಡಿಸುವ ಹೊಣೆಯೂ ನಮ್ಮದೇ ಆಯಿತು.

ಬೀದರದ ಮೈಲೂರಿನ ನಮ್ಮ ಮನೆಯಲ್ಲಿ ಹತ್ತನೆಯ ಇಯತ್ತೆಯಲ್ಲಿ ಓದುವ ಮೊಮ್ಮಗನಿದ್ದಾನೆ. ಅವನಿಗೆ ರೈಲಿನ ಹುಚ್ಚು. ನಿಜಾಮರ ಆಳಿಕೆಯಲ್ಲಿ ವಿಕಾರಾಬಾದಿನಿಂದ ಬಂದ ಹಳಿಯು ನಮ್ಮ ಊರನ್ನೂ ಭಾಲ್ಕಿಯನ್ನೂ ದಾಟಿ ಪರಳಿಯ ಕಡೆಗೆ ಹೋಗಿರುವದು. ಕಲಬುರಗಿಯ ಹಳಿಯು ೨೦೧೭ರ ಅಕ್ಟೋಬರದಲ್ಲಿ ತೆರೆಯಿತು. ಆ ದಿನ ಅವನು ನಮ್ಮ ಹೆಗಲ ಮೇಲೆ ಕೂತು ಹೂಮಾಲೆ ಹಾಕಿದ ಗಾಡಿಯನ್ನು ನೋಡಿದ್ದನು. ಮುಂದೆ ಪುಣೆಗೆ ಹೋದಾಗ, ೧೯೯೮ರಲ್ಲಿ ತೆರೆದ ಜೋಶಿಯವರ ಕಿರುರೈಲು ಸಂಗ್ರಹಾಲಯವನ್ನು ಕಂಡ ಮೇಲಂತೂ ಅವನಿಗೆ ನಿದ್ದೆಯಲ್ಲಿಯೂ ಎಂಜಿನೇ. ಹಬ್ಬದ ಕಾಣಿಕೆ, ಹುಟ್ಟುಹಬ್ಬದ ಕಾಣಿಕೆ ಎಂದು ಕೂಡಿಟ್ಟ ಹಣದಿಂದ ಪರದೇಶದ ಒಂದು ಎಂಜಿನಿನ ತಳವನ್ನೂ ಗಾಲಿಗಳನ್ನೂ ತರಿಸಿಕೊಂಡು, ಅದರ ಮೇಲೆ ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸಿ ಅಂಟಿಸಿ, ಡಬ್ಲ್ಯು.ಜಿ. ವರ್ಗದ ಉಗಿ ಎಂಜಿನಿನ ಮೈಯನ್ನು ಕಟ್ಟಿದನು. ೧೯೫೦ರಲ್ಲಿ ಚಿತ್ತರಂಜನದ ಕಾರಖಾನೆಯಿಂದ ಹೊರಬಿದ್ದ ಮೊದಲನೆಯ ಎಂಜಿನು ‘ದೇಶಬಂಧು’ ಇದೇ ವರ್ಗದ್ದು. ದೊಡ್ಡ ಹಳಿಯ ಮೇಲಿನ ಉಗಿ ಎಂಜಿನುಗಳು ನಮ್ಮ ದೇಶದಲ್ಲಿ ೧೯೯೫ರ ಸುಮಾರಿಗೆ ನಿತ್ಯದ ಸೇವೆಯಿಂದ ನಿವೃತ್ತವಾದವು. ನಾವು ಹುಡುಗರಾಗಿದ್ದಾಗ ಕಂಡ ಹೊಗೆ, ಕೇಳಿದ ಸೀಟಿ, ಮೂಗಿಗೆ ಬಡಿದ ಕಲ್ಲಿದ್ದಲಿನ ವಾಸನೆ, ಇವನ್ನೆಲ್ಲ ಅವನು ನಮ್ಮಿಂದ ಕೇಳಿ ಕೇಳಿ ತಿಳಿದುಕೊಂಡವನು. ಆದಕಾರಣ ಆ ಎಂಜಿನು ಅರ್ಧ ಅವನದು, ಅರ್ಧ ನಮ್ಮದು.

ಇದರ ಅಳತೆಯು ಒಂದಕ್ಕೆ ಎಂಬತ್ತೇಳು. ಹಳಿಗಳ ನಡುವಿನ ಅಂತರ ೧೬.೫ ಮಿ.ಮೀ. ನಮ್ಮ ದೇಶದ ದೊಡ್ಡ ಹಳಿಯ ಅಂತರವು ೧೬೭೬ ಮಿ.ಮೀ. ಇರುವದರಿಂದ ಲೆಕ್ಕದ ಪ್ರಕಾರ ಅದು ೧೯.೩ ಇರತಕ್ಕದ್ದು, ಆದರೆ ಪೇಟೆಯಲ್ಲಿ ದೊರೆಯುವ ಹಳಿಗಳೆಲ್ಲ ಪರದೇಶದ ಅಳತೆಯವು. ನಮ್ಮ ಡಬ್ಲ್ಯು.ಜಿ.ಯು ಹೀಗಾಗಿ ತುಸು ಕಾಲು ಕೂಡಿಸಿಕೊಂಡು ನಿಂತಂತೆ ಕಾಣುವದು. ಇರಲಿ.

ಉಗಿ ಎಂಜಿನಿನ ಹಿಂದೆ ನೀರು-ಕಲ್ಲಿದ್ದಲುಗಳನ್ನು ಹೊರುವ ಟೆಂಡರು ಎಂಬ ಬೇರೆಯೇ ಗಾಡಿಯಿರುತ್ತದೆ. ಆಟದ ಎಂಜಿನಿನಲ್ಲಿ ಮೋಟಾರು ಮುಂದಿನ ಮೈಯೊಳಗೆ. ಅಲ್ಲಿ ಬೇರೆ ಯಾವದಕ್ಕೂ ಎಡೆಯಿಲ್ಲ. ಆದ್ದರಿಂದ ಅದನ್ನು ಆಳುವ ಡಿಕೋಡರು ಎಂಬ ಚಿಕ್ಕ ಹಲಗೆಯನ್ನು ಟೆಂಡರಿನಲ್ಲಿ ಇಡುವರು. ಹಿಂದಿನ ಆಟದ ರೈಲುಗಳಲ್ಲಿ ಹಳಿಯ ವಿದ್ಯುತ್ತನ್ನೇ ಹೆಚ್ಚು-ಕಡಿಮೆ ಮಾಡಿ, ತಿರುವುಮುರುವು ಮಾಡಿ ಗಾಡಿಯನ್ನು ನಡೆಸುತ್ತಿದ್ದರು. ಈಗಿನ ಪದ್ಧತಿಯಲ್ಲಿ ಹಳಿಯ ಮೇಲೆ ಯಾವಾಗಲೂ ಸುಮಾರು ೧೫ ವೋಲ್ಟು ಇದ್ದೇ ಇರುವದು. ಅದರೊಡನೆ ಆಜ್ಞೆಯೂ ಹರಿದುಬರುವದು. ಡಿಕೋಡರು ತನಗೆ ಬಂದ ಆಜ್ಞೆಯನ್ನು ಮಾತ್ರ ಆಯ್ದುಕೊಂಡು ಮೋಟಾರಿಗೂ ದೀಪಕ್ಕೂ ತಿಳಿಸುವದು. ಆದಕಾರಣ ಎಂಜಿನಿಗೂ ಟೆಂಡರಿಗೂ ನಡುವೆ ಆರು ತಂತಿಗಳು ಹಾಯಲೇಬೇಕು. ಅಮೆರಿಕದ ಕಿರುರೈಲು ಹವ್ಯಾಸಿಗಳ ಸಂಘವು ಇವುಗಳಿಗೆ ಬಣ್ಣಗಳನ್ನು ಗೊತ್ತುಮಾಡಿದೆ: ಬಲಗಡೆಯ ಹಳಿಗೆ ಕೆಂಪು, ಎಡಗಡೆಯದಕ್ಕೆ ಕಪ್ಪು, ಮೋಟಾರಿನ ಎರಡು ತುದಿಗಳಿಗೆ ಕಿತ್ತಳೆ ಮತ್ತು ಬೂದು, ಮುಂದಿನ ದೀಪಕ್ಕೆ ಬಿಳಿ, ದೀಪಗಳೆಲ್ಲಕ್ಕೂ ಸಾಮಾನ್ಯವಾದ ಧನಾಗ್ರಕ್ಕೆ ನೀಲಿ.

ಈ ಆರು ತಂತಿಗಳನ್ನು ಬೇಕಾದಾಗ ಬಿಡಿಸಿ ಕೂಡಿಸುವಂಥ ಸಣ್ಣ ಕನೆಕ್ಟರನ್ನು ಆರಿಸುವದೇ ಈ ಲೇಖನದ ವಿಷಯ. ಅದನ್ನು ನಾವು ಹೇಗೆ ಕೆಡಿಸಿದೆವೆಂಬದನ್ನು ಮೊದಲು ಹೇಳುವದು ಒಳ್ಳೆಯದು.

ಕಳೆದ ಬೇಸಿಗೆಯಲ್ಲಿ ಹುಡುಗನು, “ಮುತ್ಯಾ, ನಡುವ ಎಂಥಾ ಕನೆಕ್ಟರ್ ಹಾಕ್ಲಿ?” ಎಂದು ಕೇಳಿದನು. ಮನೆಯಲ್ಲಿ ಯಾವದೋ ಹಳೆಯ ಯಂತ್ರದಿಂದ ತೆಗೆದಿಟ್ಟ ಪಿನ್ನುಗಳ ಪಟ್ಟಿಯೊಂದಿತ್ತು. ಬಾಚಣಿಕೆಯ ಹಲ್ಲುಗಳಂತೆ ಸಾಲಾಗಿ ನಿಂತ ಪಿನ್ನುಗಳು, ಪಿನ್ನಿನಿಂದ ಪಿನ್ನಿಗೆ ೨.೫೪ ಮಿ.ಮೀ. “ಆರು ಪಿನ್ನು ಕತ್ತರಿಸಿಕೊ, ಸಾಕು” ಎಂದೆವು. ಅವನು ತನಗೆ ತೋಚಿದಂತೆ ಕೆಂಪು, ಕಪ್ಪು, ಕಿತ್ತಳೆ, ಬೂದು, ಬಿಳಿ, ನೀಲಿ ಎಂದು ಕ್ರಮವಿಟ್ಟು ಬೆಸೆದನು. ಎಂಜಿನು ಎಂಟು ದಿನ ಚೆನ್ನಾಗಿ ಓಡಿತು. ಒಂಬತ್ತನೆಯ ದಿನ ಗಾಲಿಗೆ ಎಣ್ಣೆ ಹಾಕಲೆಂದು ಟೆಂಡರನ್ನು ಬಿಚ್ಚಿದವರು ನಾವು. ತಿರುಗಿ ಕೂಡಿಸುವಾಗ ಆ ಪಟ್ಟಿಯು ಹಿಂದುಮುಂದಾಗಿ ಕೂತಿತು. ಆ ಪಟ್ಟಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಎತ್ತ ಹಾಕಿದರೂ ಸಮನಾಗಿ ಕೂಡುವದು. ನೀಲಿಯ ಜಾಗಕ್ಕೆ ಕೆಂಪು, ಬಿಳಿಯ ಜಾಗಕ್ಕೆ ಕಪ್ಪು ಬಂದವು. ದೀಪಕ್ಕೆ ಅಲ್ಪ ವಿದ್ಯುತ್ತನ್ನು ಕೊಡಬೇಕಾದ ದ್ವಾರದಿಂದ ಹಳಿಯ ವಿದ್ಯುತ್ತೆಲ್ಲವೂ ಒಳನುಗ್ಗಿತು. ಎಂಜಿನು ಅಲ್ಲಾಡಲಿಲ್ಲ. ಕ್ಷಣದೊಳಗೆ ಟೆಂಡರಿನಿಂದ ಸುಟ್ಟ ವಾಸನೆ ಹೊರಟಿತು. ಡಿಕೋಡರಿನ ಬೆಲೆ ಮೂರು ಸಾವಿರ ರೂಪಾಯಿಗಳ ಮೇಲಿತ್ತು.

ಹುಡುಗನು ಕೂಗಾಡಲಿಲ್ಲ. “ನೀವೇ ಹೇಳಿದ್ರಿ ಮುತ್ಯಾ, ಆರು ಪಿನ್ ಇದ್ರ ಸಾಕಂತ” ಎಂದಷ್ಟೇ ಹೇಳಿ, ಎಂಜಿನನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ಸರಿಸಿದನು. ಎರಡು ತಿಂಗಳು ಅದನ್ನು ಹೊರಗೆ ತೆಗೆಯಲಿಲ್ಲ. ನಾವು ಹಣ ಕೊಡುವೆವೆಂದರೂ ಬೇಡವೆಂದನು. ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ, ತಿಳಿಯದ ವಿಷಯದಲ್ಲಿ ‘ಸಾಕು’ ಎಂಬ ಮಾತನ್ನು ಎಷ್ಟು ಸುಲಭವಾಗಿ ಆಡಿದೆವೆಂಬದು ಆ ಪೆಟ್ಟಿಗೆಯನ್ನು ಕಂಡಾಗಲೆಲ್ಲ ಚುಚ್ಚುತ್ತಿತ್ತು. ಆ ಎರಡು ತಿಂಗಳುಗಳಲ್ಲಿ ನಾವು ಓದಿ, ಅಳೆದು, ತರಿಸಿ, ಕೂಡಿಸಿ ಕಲಿತುದನ್ನೇ ಮುಂದೆ ಬರೆಯುತ್ತೇವೆ.

ಕನೆಕ್ಟರಾದರೂ ಯಾಕೆ, ನೇರವಾಗಿ ಬೆಸೆದುಬಿಡಬಾರದೆ ಎಂದು ಕೇಳುವವರುಂಟು. ನಾವೂ ಹಾಗೆಯೇ ಕೇಳಿದ್ದೆವು. ವ್ಯಾಕರಣದಲ್ಲಿ ಸಂಧಿಯೆಂಬದು ಬೇರೆ, ಸಮಾಸವೆಂಬದು ಬೇರೆ. ಸಂಧಿಯನ್ನು ಬಿಡಿಸಿದರೆ ಪದಗಳು ತಮ್ಮ ಮೊದಲಿನ ರೂಪದಲ್ಲಿ ಎದ್ದು ನಿಲ್ಲುವವು. ಸಮಾಸದಲ್ಲಿ ಪದಗಳು ತಮ್ಮ ವಿಭಕ್ತಿಗಳನ್ನೇ ಕಳೆದುಕೊಂಡು ಒಂದಾಗುವವು, ಅರ್ಥ ಹೇಳಬೇಕಾದರೆ ವಿಗ್ರಹವಾಕ್ಯವನ್ನು ಹೊಸದಾಗಿ ಕಟ್ಟಬೇಕು. ಎಂದೂ ಬಿಚ್ಚದ ಜಾಗದಲ್ಲಿ, ಉದಾಹರಣೆಗೆ ಮೋಟಾರಿನ ತುದಿಯಲ್ಲಿ, ಸಮಾಸವೇ ತಕ್ಕದ್ದು; ಬೆಸೆದು ಮರೆತುಬಿಡಬೇಕು. ಎಣ್ಣೆ ಹಾಕಲು, ಧೂಳು ತೆಗೆಯಲು, ಪೆಟ್ಟಿಗೆಯಲ್ಲಿ ಇಡಲು ಪದೇಪದೇ ಬೇರ್ಪಡಿಸುವ ಜಾಗದಲ್ಲಿ ಸಂಧಿ ಬೇಕು. ಎಲ್ಲಾ ಜಾಗಕ್ಕೂ ಕನೆಕ್ಟರು ಹಾಕುವವರನ್ನೂ ಕಂಡಿದ್ದೇವೆ. ಅವರ ಎಂಜಿನುಗಳಲ್ಲಿ ತಂತಿಗಿಂತ ಕನೆಕ್ಟರೇ ಹೆಚ್ಚು, ಕೆಡುವ ಸ್ಥಾನಗಳೂ ಅಷ್ಟೇ ಹೆಚ್ಚು.

ಬೆಸುಗೆಗೆ ಇನ್ನೊಂದು ದೋಷವುಂಟು. ಕಾದ ಸೀಸವು ಸಣ್ಣ ಎಳೆಗಳ ನಡುವೆ ಹೀರಿಕೊಂಡು ತಂತಿಯೊಳಗೆ ತುಸು ದೂರ ಹರಿಯುತ್ತದೆ. ಅಲ್ಲಿಯ ವರೆಗೆ ತಂತಿಯು ಕಡ್ಡಿಯಂತೆ ಸೆಡೆದುಕೊಳ್ಳುವದು. ಆ ಸೆಡೆತವು ಮುಗಿಯುವಲ್ಲಿ, ಎಂಜಿನು ತಿರುವಿನಲ್ಲಿ ಬಾಗಿದಂತೆಲ್ಲ, ಎಳೆಗಳು ಒಂದೊಂದಾಗಿ ಕತ್ತರಿಸುತ್ತ ಹೋಗುವವು. ಹೊರಗೆ ಹೊದಿಕೆಯು ಸರಿಯಾಗಿಯೇ ಕಾಣುವದರಿಂದ ದೋಷವು ಕಣ್ಣಿಗೆ ಬೀಳದು. ಗಾಡಿಯು ಒಂದು ತಿರುವಿನಲ್ಲಿ ಮಾತ್ರ ನಿಲ್ಲತೊಡಗುವದು.

ಈಗ ಆರಿಸುವ ಮಾತು. ಎಲ್ಲರೂ ಮೊದಲು ಕೇಳುವ ಪ್ರಶ್ನೆ, ಇಷ್ಟು ಚಿಕ್ಕ ಪಿನ್ನುಗಳು ವಿದ್ಯುತ್ತನ್ನು ತಾಳಬಲ್ಲವೇ ಎಂಬದು. ಈ ಅಳತೆಯ ಮೋಟಾರು ಸುಮ್ಮನೆ ಓಡುವಾಗ ಅರ್ಧ ಆಂಪಿಯರಿಗಿಂತ ಕಡಿಮೆಯನ್ನೇ ಎಳೆಯುವದು. ಗಾಲಿ ಸಿಕ್ಕಿಕೊಂಡು ನಿಂತಾಗ ಒಂದರ ಸಮೀಪಕ್ಕೆ ಹೋಗಬಹುದು. ದೀಪದ ಎಲ್.ಇ.ಡಿ.ಗೆ ಅದರ ಐವತ್ತರಲ್ಲೊಂದು ಪಾಲೂ ಬೇಡ. ಒಂದು ಮಿ.ಮೀ. ಅಂತರದ ಅತಿ ಸಣ್ಣ ಕನೆಕ್ಟರುಗಳನ್ನೂ ತಯಾರಿಸುವವರು ಒಂದು ಆಂಪಿಯರಿಗೆ ತಕ್ಕವೆಂದು ಹೇಳಿರುವರು. ಅಂದಮೇಲೆ ಈ ಚಿಂತೆಯನ್ನು ಇಲ್ಲಿಯೇ ಬಿಡಬಹುದು. ಅಂಗಳದಲ್ಲಿ ಓಡಿಸುವ ದೊಡ್ಡ ಅಳತೆಯ ಗಾಡಿಗಳ ಮಾತು ಬೇರೆ. ಅವು ಹಲವು ಆಂಪಿಯರುಗಳನ್ನು ನುಂಗುವವಾದ್ದರಿಂದ ಅವಕ್ಕೆ ಎರಡು, ಎರಡೂವರೆ ಮಿ.ಮೀ. ಅಂತರದವು, ಇಲ್ಲವೆ ಇನ್ನೂ ದೊಡ್ಡವು ಬೇಕು.

ನಿಜವಾದ ತೊಡಕು ಹೆಸರುಗಳಲ್ಲಿದೆ. ಪೇಟೆಯಲ್ಲಿ ಯಾವ ಸಣ್ಣ ಬಿಳಿಯ ಪ್ಲಗ್ಗನ್ನು ಕೇಳಿದರೂ “ಜೆ.ಎಸ್.ಟಿ.” ಎನ್ನುವರು. ಜೆ.ಎಸ್.ಟಿ. ಎಂಬದು ಜಪಾನಿನ ಒಂದು ಕಂಪನಿಯ ಹೆಸರು; ವನಸ್ಪತಿಯೆಲ್ಲವೂ ಡಾಲ್ಡಾ ಆದಂತೆ ಇದೂ ರೂಢಿಯಿಂದ ಜಾತಿವಾಚಕವಾಗಿದೆ. ಆ ಕಂಪನಿಯದರಲ್ಲಿಯೇ ಒಂದು ಮಿ.ಮೀ. ಅಂತರದ್ದು ಎಸ್.ಎಚ್., ಒಂದೂವರೆಯದು ಜೆಡ್.ಎಚ್., ಎರಡರದು ಪಿ.ಎಚ್. ಎಂದು ಬೇರೆ ಬೇರೆ ಕುಲಗಳಿವೆ. ೧.೨೫ ಮಿ.ಮೀ. ಅಂತರದಲ್ಲಿ ಅವರ ಜಿ.ಎಚ್. ಉಂಟು, ಆದರೆ ‘ಜೆ.ಎಸ್.ಟಿ. ೧.೨೫’ ಎಂದು ಅಗ್ಗವಾಗಿ ಮಾರುವದು ಬಹುತೇಕ ಅದಲ್ಲ, ಮೋಲೆಕ್ಸ್ ಎಂಬ ಬೇರೆ ಕಂಪನಿಯ ಪಿಕೋಬ್ಲೇಡಿನ ಅನುಕರಣೆ. ಒಂದರ ಗಂಡು ಇನ್ನೊಂದರ ಹೆಣ್ಣಿಗೆ ಕೂಡದು. ನಾವು ಮೊದಲು ತರಿಸಿದ ಚೀಲದಲ್ಲಿ ಎರಡೂ ಬೆರೆತು ಬಂದಿದ್ದವು. ಮಾರಿದವನಿಗೇ ಭೇದವು ತಿಳಿಯದಿದ್ದರೆ ಯಾರನ್ನು ದೂರುವದು?

ಆದಕಾರಣ ಹೆಸರನ್ನು ನಂಬದೆ ಅಳತೆಯನ್ನು ನಂಬಬೇಕು. ಎರಡು ಪಿನ್ನುಗಳ ನಡುವೆ ಅಳೆಯಹೋದರೆ ಕೈ ತಪ್ಪುವದು. ಮೊದಲನೆಯ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿನ ವರೆಗೆ ಅಳೆದು, ಪಿನ್ನುಗಳ ಸಂಖ್ಯೆಯಲ್ಲಿ ಒಂದನ್ನು ಕಳೆದು ಭಾಗಿಸಬೇಕು. ಆರು ಪಿನ್ನಿನದು ೫ ಮಿ.ಮೀ. ಬಂದರೆ ಅಂತರ ಒಂದು, ೬.೨೫ ಬಂದರೆ ಒಂದೂಕಾಲು, ೭.೫ ಬಂದರೆ ಒಂದೂವರೆ. ೧೦ ಬಂದರೆ ಎರಡು. ೬.೩೫ ಬಂದರೆ ಅದು ಇಂಚಿನ ಇಪ್ಪತ್ತನೆಯ ಪಾಲು, ಅಂದರೆ ೧.೨೭, ಒಂದೂಕಾಲಕ್ಕೆ ಅಣ್ಣತಮ್ಮನಂತೆ ಕಂಡರೂ ಬೇರೆಯ ಮನೆಯದು. ವರ್ನಿಯರ್ ಕ್ಯಾಲಿಪರ್ ಇಲ್ಲದವರು ಶಾಲೆಯ ಮಕ್ಕಳ ಪ್ರಯೋಗಶಾಲೆಯಿಂದ ಕೇಳಿ ತರಬಹುದು. ನಾವು ಹಾಗೆಯೇ ಮಾಡಿದೆವು.

ಇನ್ನೊಂದು ಭೇದವನ್ನು ಅರಿಯದೆ ನಾವು ಒಂದು ತಿಂಗಳು ಕಳೆದೆವು. ಎಸ್.ಎಚ್., ಜೆಡ್.ಎಚ್., ಪಿ.ಎಚ್. ಮೊದಲಾದವು ತಂತಿಯನ್ನು ಹಲಗೆಗೆ ಕೂಡಿಸತಕ್ಕವು; ಅವುಗಳ ಇನ್ನೊಂದು ಅರ್ಧವು ಸರ್ಕಿಟ್ ಬೋರ್ಡಿನ ಮೇಲೆ ಬೆಸೆದು ನಿಲ್ಲುವದೇ ಹೊರತು, ತಂತಿಯ ತುದಿಯಲ್ಲಿ ಜೋತಾಡುವದಲ್ಲ. ತಂತಿಗೆ ತಂತಿ ಕೂಡಿಸತಕ್ಕವು ಬೇರೆ. ಪಿಕೋಬ್ಲೇಡಿನ ಕುಲದಲ್ಲಿ ಆ ಬಗೆಯೂ ಉಂಟು. ಎರಡೂ ಬಗೆಗಳನ್ನು ಹಾಕಿ ನೋಡಿದ ಮೇಲೆ ನಮ್ಮ ಒಲವು ಹಲಗೆಯ ಕಡೆಗೇ. ಟೆಂಡರಿನ ನೆಲಕ್ಕೆ ಉಗುರಿನಷ್ಟು ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದು ಅದರ ಮೇಲೆ ಸಾಕೆಟ್ಟನ್ನು ಬೆಸೆದರೆ, ಪ್ಲಗ್ಗನ್ನು ಒತ್ತುವಾಗಲೂ ಕೀಳುವಾಗಲೂ ಬಲವು ಬೋರ್ಡಿನ ಮೇಲೆ ಬೀಳುವದು, ಡಿಕೋಡರಿನ ಕೂದಲೆಳೆಯಂಥ ತಂತಿಗಳ ಮೇಲೆ ಬೀಳದು.

ಎಡೆ ಎಷ್ಟಿದೆಯೆಂಬದು ಮುಂದಿನ ಮಾತು. ನಮ್ಮ ಟೆಂಡರಿನ ಮುಂದಿನ ಕಿಂಡಿಯು ಹನ್ನೆರಡು ಮಿ.ಮೀ. ಅಗಲ. ಆರು ಪಿನ್ನಿನ ಪಿ.ಎಚ್. ಪ್ಲಗ್ಗು ಸುಮಾರು ಹದಿನಾಲ್ಕು ಮಿ.ಮೀ. ಇರುವದರಿಂದ ಅದು ಹೋಯಿತು. ಹುಡುಗನು ಎಸ್.ಎಚ್. ಬೇಕೆಂದು ಹಟ ಹಿಡಿದನು. ಅದು ಎಂಟೇ ಮಿ.ಮೀ., ನೋಡಲು ಚೆಲುವು. ಆದರೆ ಅದನ್ನು ನಾವು ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ, ಚಿಮುಟದಿಂದ ಹಿಡಿದು ಕೂಡಿಸಲು ಹೋದಾಗ ಮೂರು ಸಲ ತಪ್ಪಿತು. ಕೀಳುವಾಗ ಹಿಡಿಯಲು ಮೈಯೇ ಸಿಕ್ಕದೆ ತಂತಿಯನ್ನೇ ಎಳೆಯುವಂತಾಯಿತು. ಇಂಥ ಕನೆಕ್ಟರುಗಳ ಮರಣವು ಬಹುತೇಕ ಹೀಗೆಯೇ. ಎಡೆಯಲ್ಲಿ ಹಿಡಿಯುವವುಗಳೊಳಗೆ ದೊಡ್ಡದಾವದೋ ಅದನ್ನೇ ಆರಿಸಬೇಕೆಂಬದು ನಮ್ಮ ಅಭಿಪ್ರಾಯ, ಚಿಕ್ಕದೆಂಬುದೊಂದೇ ಗುಣವಲ್ಲ. ಕೊಳ್ಳುವ ಮೊದಲು ಕಣ್ಣು ಮುಚ್ಚಿ ಹತ್ತು ಸಲ ಹಾಕಿ ತೆಗೆದು ನೋಡಿರಿ. ಹತ್ತಕ್ಕಿಂತ ಹೆಚ್ಚು ಸಲ ಮಾಡಬೇಡಿರಿ, ಯಾಕಂದರೆ ಇವುಗಳ ಆಯುಷ್ಯವೇ ಕೆಲವು ಹತ್ತು ಸಲಗಳಷ್ಟು. ಕೊನೆಗೆ ಒಂದೂಕಾಲು ಮಿ.ಮೀ.ಯ ಪಿಕೋಬ್ಲೇಡ್ ಬಗೆಯನ್ನು ಗೊತ್ತುಮಾಡಿದೆವು. ಅದರ ಮೈ ಒಂಬತ್ತು ಮಿ.ಮೀ.ಗಿಂತ ತುಸು ಹೆಚ್ಚು. ಒಂದು ಮಗ್ಗುಲಲ್ಲಿ ಏಣುಗಳಿರುವದರಿಂದ ತಿರುವುಮುರುವಾಗಿ ಕೂಡದು.

ಈ ತಿರುವುಮುರುವಿನ ವಿಷಯದಲ್ಲಿ ದೊಡ್ಡ ರೈಲಿನವರ ಜಾಣತನವನ್ನು ಎಲ್ಲರೂ ನಮ್ಮ ನಿಲ್ದಾಣದಲ್ಲಿಯೇ ನೋಡಬಹುದು. ಎರಡು ಡಬ್ಬಿಗಳ ನಡುವೆ ಜೋತಾಡುವ ಗಾಳಿಯ ಕೊಳವೆಗಳಲ್ಲಿ ಬ್ರೇಕಿನದಕ್ಕೆ ಹಸಿರು, ಜೊತೆಯ ಇನ್ನೊಂದಕ್ಕೆ ಬಿಳಿ ಬಣ್ಣ ಹಚ್ಚಿರುವರು. ಕಿರುರೈಲಿನಲ್ಲಿ ಇದಕ್ಕೂ ಮೇಲಾದ ಜಾಣತನವೊಂದುಂಟು. ಯುರೋಪಿನ ಕಿರುರೈಲು ಸಂಘಗಳ ಒಕ್ಕೂಟವು ನೆಮ್ ೬೫೨ ಎಂಬ ಎಂಟು ಪಿನ್ನಿನ ಪ್ಲಗ್ಗನ್ನು ಗೊತ್ತುಮಾಡಿದೆ. ನಾಲ್ಕು ನಾಲ್ಕರ ಎರಡು ಸಾಲು. ಅದನ್ನು ತಿರುಗಿಸಿ ಚುಚ್ಚಲು ಬರುವದು, ತಡೆಯಿಲ್ಲ. ಆದರೆ ತಿರುಗಿಸಿದಾಗ ಕೆಂಪಿನ ಜಾಗಕ್ಕೆ ಕಪ್ಪು, ಕಿತ್ತಳೆಯ ಜಾಗಕ್ಕೆ ಬೂದು, ಬಿಳಿಯ ಜಾಗಕ್ಕೆ ಹಳದಿ, ನೀಲಿಯ ಜಾಗಕ್ಕೆ ಹಸಿರು ಬರುವಂತೆ ಕ್ರಮವನ್ನಿಟ್ಟಿರುವರು. ಹಳಿಗೆ ಹಳಿ, ಮೋಟಾರಿಗೆ ಮೋಟಾರು. ಎಂಜಿನು ಹಿಮ್ಮುಖವಾಗಿ ಹೋಗುವದು, ದೀಪವು ಹತ್ತದು, ಅಷ್ಟೇ, ಡಿಕೋಡರು ಉಳಿಯುವದು. ಇದನ್ನು ಓದಿದಾಗ ನಮಗೆ ವೆಂಕಟಾಧ್ವರಿಯ ‘ರಾಘವಯಾದವೀಯ’ವು ನೆನಪಾಯಿತು. ಅದನ್ನು ಮುಂದಿನಿಂದ ಓದಿದರೆ ರಾಮನ ಕಥೆ, ಹಿಂದಿನಿಂದ ಓದಿದರೆ ಕೃಷ್ಣನ ಕಥೆ. ಎತ್ತ ಓದಿದರೂ ಅರ್ಥವು ಕೆಡುವದಿಲ್ಲ. ತಪ್ಪು ಮಾಡುವವನು ಇದ್ದೇ ಇರುವನೆಂದು ಮೊದಲೇ ಎಣಿಸಿ, ಅವನ ತಪ್ಪಿಗೂ ಒಂದು ಅರ್ಥವನ್ನು ಕಲ್ಪಿಸಿಟ್ಟವರು ನಮಗಿಂತ ಒಳ್ಳೆಯ ಮಾಸ್ತರರು. ಇದೇ ಜಾತಿಯ ೨೧ ಪಿನ್ನಿನ ಇನ್ನೊಂದರಲ್ಲಿ ೨೨ ಸ್ಥಾನಗಳಿದ್ದು, ಒಂದರಲ್ಲಿ ಬೇಕೆಂದೇ ಪಿನ್ನನ್ನು ಬಿಟ್ಟು, ಎದುರಿನ ತೂತನ್ನು ಮುಚ್ಚಿರುವರು. ಅದು ತಪ್ಪು ದಿಕ್ಕಿನಲ್ಲಿ ಹೋಗುವದೇ ಇಲ್ಲ.

ನಾವೂ ಆರು ಪಿನ್ನುಗಳಿಗೆ ಹೊಸ ಕ್ರಮವನ್ನು ಕಟ್ಟಿದೆವು: ಕೆಂಪು, ಬಿಳಿ, ಕಿತ್ತಳೆ, ಬೂದು, ನೀಲಿ, ಕಪ್ಪು. ಹಿಂದಿನಿಂದ ಓದಿ ನೋಡಿರಿ. ಕೆಂಪಿಗೆ ಕಪ್ಪು, ಬಿಳಿಗೆ ನೀಲಿ, ಕಿತ್ತಳೆಗೆ ಬೂದು. ಇದರಲ್ಲಿ ಹಳಿಯ ತಂತಿಗಳೆರಡೂ ಎರಡು ಹೊರತುದಿಗಳಲ್ಲಿ ದೂರದೂರ ನಿಂತವು. ಮೋಟಾರಿನ ತಂತಿಗಳು ನಡುವೆ ಬಂದವು. ಹಳಿಯ ವಿದ್ಯುತ್ತು ಮೋಟಾರಿನ ತಂತಿಯನ್ನು ಮುಟ್ಟುವದೇ ಡಿಕೋಡರಿಗೆ ಅತಿ ದೊಡ್ಡ ಅಪಾಯವಾದ್ದರಿಂದ ಇವೆರಡಕ್ಕೆ ನೆರೆಹೊರೆ ಬೇಡ. ಏಣುಗಳಿರುವ ಪ್ಲಗ್ಗಿಗೆ ಈ ಕ್ರಮದ ಅಗತ್ಯವೇನೆಂದರೆ, ಪ್ಲಾಸ್ಟಿಕ್ಕಿನ ಏಣು ಮೆತ್ತಗಿನದು. ಬಲ ಹಾಕಿ ಒತ್ತುವ ಮುದುಕನೊಬ್ಬನು ಮನೆಯಲ್ಲಿರುವನು.

ತಂತಿಯ ವಿಷಯವು ಸಣ್ಣದು. ತಂತಿಯ ದಪ್ಪವನ್ನು ಸೂಚಿಸುವ ಸಂಖ್ಯೆಯು ಹೆಚ್ಚಾದಂತೆ ತಂತಿಯು ಸಣ್ಣದಾಗುವದೆಂಬದನ್ನು ನೆನಪಿಡಬೇಕು. ೨೮ನೆಯದರ ತಾಮ್ರವು ೦.೩೨ ಮಿ.ಮೀ., ೩೦ನೆಯದರದು ೦.೨೫, ೩೨ನೆಯದರದು ೦.೨. ಈ ಕನೆಕ್ಟರುಗಳಿಗೆ ಇವು ಸಲ್ಲುವವು. ಅನೇಕ ಎಳೆಗಳಿಂದಾದ, ಮೆತ್ತನೆಯ ಹೊದಿಕೆಯ ತಂತಿಯನ್ನೇ ಕೇಳಿ ಕೊಳ್ಳಬೇಕು. ಒಂದೇ ಎಳೆಯದು ಬಾಗಿ ಬಾಗಿ ಮುರಿಯುವದು.

ತಂತಿಯ ತುದಿಗೆ ಪಿನ್ನನ್ನು ಹೇಗೆ ಹಿಡಿಸುವದು? ಇದನ್ನು ಕ್ರಿಂಪ್ ಎನ್ನುವರು. ಬೆಸುಗೆಯಿಲ್ಲ, ಅಂಟಿಲ್ಲ, ಬರಿಯ ಒತ್ತುವಿಕೆ. ಪಿನ್ನಿನ ಹಿಂದೆ ಎರಡು ಜೊತೆ ರೆಕ್ಕೆಗಳಿರುವವು; ಒಂದು ಜೊತೆ ಬರಿ ತಾಮ್ರವನ್ನು ಅಪ್ಪುವದು, ಇನ್ನೊಂದು ಜೊತೆ ಹೊದಿಕೆಯನ್ನು ಅಪ್ಪುವದು. ಎರಡನೆಯದು ಇರುವದರಿಂದಲೇ ಬಾಗುವಾಗಿನ ಎಳೆತವು ತಾಮ್ರಕ್ಕೆ ತಟ್ಟದು. ಒತ್ತಿ ಹಿಡಿಸಿದ ಲೋಹವು ಬಿಡುವದಿಲ್ಲವೇ ಎಂಬ ಸಂದೇಹವು ಬೀದರದವರಿಗೆ ಬರಬಾರದು. ನಮ್ಮ ಬಿದರಿಯ ಕುಶಲಿಗಳು ಸತುವಿನ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿಯ ತಂತಿಯನ್ನು ಅದರಲ್ಲಿಟ್ಟು ಸುತ್ತಿಗೆಯಿಂದ ತಟ್ಟುವರು. ತಲೆಮಾರುಗಳ ಹಿಂದಿನ ಹುಕ್ಕಾಗಳಲ್ಲಿ ಆ ಬೆಳ್ಳಿಯು ಇನ್ನೂ ಕೂತೇ ಇದೆ. ಆದರೆ ಅವರ ಕೈಯ ಅಭ್ಯಾಸವು ನಮಗಿಲ್ಲ, ಒಂದೂಕಾಲು ಮಿ.ಮೀ. ಪಿನ್ನುಗಳನ್ನು ಇಕ್ಕಳದಿಂದ ಒತ್ತಹೋಗಿ ನಾವು ಇಪ್ಪತ್ತನ್ನು ಕೆಡಿಸಿದೆವು. ತಕ್ಕ ಉಪಕರಣದ ಬೆಲೆಯು ಎಂಜಿನಿನ ಬೆಲೆಗೆ ಸ್ಪರ್ಧೆಗೆ ನಿಲ್ಲುವದು. ಒಂದೆರಡು ಎಂಜಿನುಗಳಿಗಾಗಿ ಅದನ್ನು ಕೊಳ್ಳುವದು ದುಂದು. ಕಾರಖಾನೆಯಲ್ಲಿಯೇ ಕ್ರಿಂಪ್ ಮಾಡಿದ ತಂತಿಗಳು ಬಣ್ಣಬಣ್ಣದಲ್ಲಿ ದೊರೆಯುವವು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಬೆಳಗಿನ ಗಾಡಿಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. ಪಿನ್ನಿನ ತುದಿಯು ಚಿನ್ನದ ಲೇಪದ್ದಾದರೆ ಸಾಕೆಟ್ಟೂ ಅದರದೇ ಇರಲಿ, ತವರದ್ದಾದರೆ ತವರದ್ದೇ ಇರಲಿ. ಬೆರೆಸಿದರೆ ಕಾಲಾಂತರದಲ್ಲಿ ಕಿಲುಬಿ ಸಂಪರ್ಕವು ಕೆಡುವದು. ಬೋರ್ಡಿಗೆ ಸಾಕೆಟ್ಟನ್ನು ಬೆಸೆಯುವ ಕೆಲಸಕ್ಕೆ ಮೊಬೈಲು ರಿಪೇರಿಯ ಅಂಗಡಿಯವನೇ ಯೋಗ್ಯನು. ಅವನಲ್ಲಿ ಸೂಕ್ಷ್ಮದರ್ಶಕವೂ ಇದೆ, ನಡುಗದ ಕೈಯೂ ಇದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಐದು ನಿಮಿಷಗಳಲ್ಲಿ ಮಾಡಿಕೊಟ್ಟು, ಕೂಲಿ ಕೊಡಹೋದರೆ, “ಸರ್, ನಿಮ್ಮ ಹತ್ರ ತಗೋಳ್ಲಿಕ್ಕಾಗ್ತದೇನ್ರಿ” ಎಂದನು. ರಾಮಶಬ್ದವು ಅವನಿಗೆ ಕೊನೆಯ ವರೆಗೂ ಬಂದಿರಲಿಲ್ಲ.

ಹೊಸ ಡಿಕೋಡರನ್ನು ಹಾಕುವ ಮುನ್ನ ಮಾಡಬೇಕಾದ ಪರೀಕ್ಷೆಯನ್ನು ಬಿಡಬಾರದು. ಡಿಕೋಡರಿಲ್ಲದೆಯೇ ಪ್ಲಗ್ಗನ್ನು ಕೂಡಿಸಿ, ಮಲ್ಟಿಮೀಟರಿನ ಒಂದು ಮೊನೆಯನ್ನು ಬಲಗಾಲಿಗೂ ಇನ್ನೊಂದನ್ನು ಕೆಂಪಿನ ಸ್ಥಾನಕ್ಕೂ ಮುಟ್ಟಿಸಬೇಕು, ಸದ್ದಾಗತಕ್ಕದ್ದು. ಎಡಗಾಲಿಗೂ ಕಪ್ಪಿಗೂ ಹಾಗೆಯೇ. ಆಮೇಲೆ ಪ್ರತಿಯೊಂದು ಗಾಲಿಗೂ ಕಿತ್ತಳೆ-ಬೂದುಗಳಿಗೂ ಮುಟ್ಟಿಸಿ ನೋಡಬೇಕು, ಇಲ್ಲಿ ಸದ್ದಾಗಕೂಡದು. ಆದರೆ ದೋಷವು ಸಿಕ್ಕುವ ವರೆಗೆ ಮುಂದೆ ಹೋಗಬಾರದು. ಮೊದಲ ಸಲ ಎಂಜಿನನ್ನು ಓಡುವ ಹಳಿಯ ಮೇಲಿಡದೆ, ಡಿಕೋಡರಿಗೆ ಅಂಕೆಗಳನ್ನು ಬರೆಯುವ ಪ್ರೋಗ್ರಾಮಿಂಗ್ ಹಳಿಯ ಮೇಲಿಡಬೇಕು. ಅಲ್ಲಿ ಹರಿಯುವ ವಿದ್ಯುತ್ತಿಗೆ ಮಿತಿಯಿರುವದರಿಂದ ತಪ್ಪಿದ್ದರೂ ಸುಡುವ ಭಯವು ಕಡಿಮೆ. ಬೇಸಿಗೆಯಲ್ಲಿ ನಾವು ಎಣ್ಣೆ ಹಾಕಿದ ದಿನ ಈ ಎರಡರಲ್ಲಿ ಯಾವದೊಂದನ್ನು ಮಾಡಿದ್ದರೂ ಮೂರು ಸಾವಿರ ಉಳಿಯುತ್ತಿತ್ತು.

ದಸರೆಯ ರಜೆಯಲ್ಲಿ ನಾವು ಆ ಪೆಟ್ಟಿಗೆಯನ್ನು ತಾವೇ ಹೊರಗೆ ಎಳೆದು, ಹೊಸ ಬೋರ್ಡನ್ನೂ ಪ್ಲಗ್ಗನ್ನೂ ಹುಡುಗನ ಮುಂದೆ ಇಟ್ಟೆವು. ಡಿಕೋಡರನ್ನು ಮಾತ್ರ ತಂದಿರಲಿಲ್ಲ; ನಮ್ಮ ಮೇಲೆ ನಂಬಿಕೆ ಬಂದ ಮೇಲೆ ಅವನೇ ತರಿಸಲೆಂದು ಬಿಟ್ಟಿದ್ದೆವು. ಅವನು ಪ್ಲಗ್ಗನ್ನು ತಿರುಗಿಸಿ ಹಾಕಲು ನೋಡಿದನು, ಹೋಗಲಿಲ್ಲ. ಬಣ್ಣಗಳನ್ನು ಹಿಂದಿನಿಂದ ಎಣಿಸಿ ನೋಡಿ, ಮುಖವೆತ್ತಿ, “ಒತ್ತಿ ಹಾಕಿದ್ರೂ ಸುಡಂಗಿಲ್ಲಲ್ಲ ಮುತ್ಯಾ” ಎಂದನು. ಮರುದಿನವೇ ಡಿಕೋಡರಿಗೆ ಬರೆದು ಹಾಕಿದನು. ಹಣವನ್ನು ಅರ್ಧ ಅರ್ಧ ಕೊಟ್ಟೆವು.

ಎಂಜಿನು ಓಡಿತು, ದೀಪವು ಹತ್ತಿತು. ಆದರೆ ಮೊದಲನೆಯ ತಿರುವಿನಲ್ಲಿಯೇ ಟೆಂಡರು ಹಳಿ ತಪ್ಪಿತು. ಆರು ತಂತಿಗಳು ಒಟ್ಟಾಗಿ ಕಡ್ಡಿಯಂತೆ ನಿಂತು ಅದನ್ನು ಹೊರಗೆ ನೂಕುತ್ತಿದ್ದವು. ತಂತಿಗಳನ್ನು ಎರಡು ಬೆರಳಿನಷ್ಟು ಉದ್ದಮಾಡಿ, ಒಂದಕ್ಕೊಂದು ಹೆಣೆಯದೆ ಸಡಿಲಾಗಿ ಬಿಟ್ಟು, ಕೆಳಗೆ ಗಾಲಿಗೆ ತಾಕದಂತೆ ಕಪ್ಪು ದಾರದಿಂದ ಒಂದು ಕಡೆ ಮಾತ್ರ ಕಟ್ಟಿದ ಮೇಲೆ ಸರಿಹೋಯಿತು. ಈಗ ಅವನು ಎರಡನೆಯ ಎಂಜಿನನ್ನು ಕಟ್ಟುತ್ತಿದ್ದಾನೆ. ಅದಕ್ಕೆ ಒಂದು ಮಿ.ಮೀ.ಯ ಎಸ್.ಎಚ್. ಬಗೆಯನ್ನೇ ತರಿಸಿದ್ದಾನೆ, ಅದಕ್ಕೆ ಎಣ್ಣೆ ಹಾಕುವ ಕೆಲಸವು ನಮ್ಮದಲ್ಲವಂತೆ.